ಲಗ್ನಪತ್ರಿಕೆಯ ರೋಹಿಣಿಯನ್ನು ಆಕಾಶದಲ್ಲಿ ಹುಡುಕುವುದು ಹೇಗೆ

ತುಮಕೂರಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ನನ್ನ ಕೆಲಸ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ವೈಕುಂಠ ಸಮಾರಾಧನೆಯ ಕಾರ್ಡು, ಎಲ್ಲಾ ಟೈಪ್ ಮಾಡುವವನು ನಾನೇ. 'ರೋಹಿಣಿ ನಕ್ಷತ್ರ, ಮಿಥುನ ಲಗ್ನದಲ್ಲಿ' ಅಂತ ಹದಿನಾಲ್ಕು ವರ್ಷದಿಂದ ಹೊಡೆದಿದ್ದೇನೆ. ಒಂದು ಸಂಜೆ ಪ್ರೆಸ್ಸಿಗೆ ಬಂದಿದ್ದ ಮಗಳು ಪ್ರೂಫ್ ಹಾಳೆ ಓದುತ್ತಾ, "ಅಪ್ಪಾ, ಈ ರೋಹಿಣಿ ಎಲ್ಲಿರುತ್ತೆ?" ಅಂದಳು. ಇಬ್ಬರೂ ಬಾಗಿಲಿಗೆ ಬಂದು ಮೇಲೆ ನೋಡಿದೆವು. ಬೀದಿ ದೀಪ ಕಂಡಿತು.

ಅಲ್ಲಿಂದ ಶುರುವಾದ ಹುಚ್ಚು ಇದು. ಈಗ ತಿಂಗಳಿಗೆ ಒಂದು ಶನಿವಾರವಾದರೂ ಬೈನಾಕ್ಯುಲರ್ ಬ್ಯಾಗಿಗೆ ಹಾಕಿಕೊಂಡು ಕೊರಟಗೆರೆ ಮೇಲೆ ಹೋಗುವ ಬಸ್ ಹತ್ತಿ ಮಧುಗಿರಿ ಪಕ್ಕದ ನಮ್ಮೂರಿಗೆ ಹೋಗುತ್ತೇನೆ. ನೀವೂ ಶುರು ಮಾಡುವುದಾದರೆ ನಾನು ಕಲಿತಿದ್ದನ್ನು ಹೇಳುತ್ತೇನೆ. ನಾನು ಹಾಳು ಮಾಡಿಕೊಂಡ ದುಡ್ಡು ನಿಮಗಾದರೂ ಉಳಿಯಲಿ.

ಮೊದಲನೆಯದು, ಟೆಲಿಸ್ಕೋಪ್ ತಗೋಬೇಡಿ. ನಾನು ತಗೊಂಡೆ. ಆನ್‌ಲೈನ್‌ನಲ್ಲಿ ಆರು ಸಾವಿರ. ಡಬ್ಬದ ಮೇಲೆ 525 ಪಟ್ಟು ದೊಡ್ಡದಾಗಿ ಕಾಣುತ್ತೆ ಅಂತ ಬರೆದಿತ್ತು. ಸ್ಟ್ಯಾಂಡಿನ ಕಾಲುಗಳು ಊದುಬತ್ತಿ ಥರ. ಮುಟ್ಟಿದರೆ ಇಡೀ ಆಕಾಶ ನಡುಗುತ್ತಿತ್ತು. ಚಂದ್ರನನ್ನು ಹಿಡಿದು "ಬಾ ನೋಡು" ಅಂತ ಮಗಳನ್ನು ಕರೆಯುವಷ್ಟರಲ್ಲಿ ಅವನು ಜಾರಿ ಹೋಗಿರುತ್ತಿದ್ದ. ಈಗ ಅದು ಅಟ್ಟದ ಮೇಲೆ ಹಳೇ ತೊಟ್ಟಿಲಿನ ಪಕ್ಕದಲ್ಲಿದೆ. ಅಗ್ಗದ ಟೆಲಿಸ್ಕೋಪಿಗಿಂತ ಸಾಧಾರಣ ಬೈನಾಕ್ಯುಲರ್ ಎಷ್ಟೋ ಮೇಲು. ಎರಡೂ ಕಣ್ಣಲ್ಲಿ ನೋಡಬಹುದು, ಚಿತ್ರ ತಲೆಕೆಳಗಾಗಲ್ಲ, ಹಗಲೂ ಉಪಯೋಗಕ್ಕೆ ಬರುತ್ತೆ.

ಬೈನಾಕ್ಯುಲರ್ ಮೇಲೆ 10×50 ಅಂತ ಎರಡು ಅಂಕಿ ಇರುತ್ತೆ. 10 ಅಂದರೆ ಹತ್ತು ಪಟ್ಟು ಹತ್ತಿರ ತೋರಿಸುತ್ತೆ ಅಂತ. 50 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ. ರಾತ್ರಿಗೆ ಈ ಎರಡನೇ ಅಂಕಿಯೇ ಮುಖ್ಯ, ಬೆಳಕು ಒಳಗೆ ಬರುವ ಬಾಗಿಲು ಅದು. 7×50 ಅಥವಾ 10×50 ಎರಡೂ ಚೆನ್ನ. ಹತ್ತಕ್ಕಿಂತ ಜಾಸ್ತಿ ಪಟ್ಟು ಆದರೆ ಕೈಯ ನಡುಕವೂ ಅಷ್ಟೇ ಪಟ್ಟು ದೊಡ್ಡದಾಗುತ್ತೆ. 'ಜೂಮ್' ಅಂತ ಬರೆದಿದ್ದನ್ನು ಮುಟ್ಟಬೇಡಿ. ಮುಂದಿನ ಗಾಜು ಮಾಣಿಕ್ಯದ ಹಾಗೆ ಕೆಂಪಗೆ ಹೊಳೆಯುತ್ತಿದ್ದರೆ ಅದೂ ಬೇಡ. ನೋಡೋಕೆ ಚೆಂದ, ಆದರೆ ಒಳಗೆ ಬರಬೇಕಾದ ಕೆಂಪು ಬೆಳಕನ್ನು ಅದು ಹೊರಗೇ ತಳ್ಳುತ್ತೆ. ರೋಹಿಣಿಯೇ ಕೆಂಪು ನಕ್ಷತ್ರ, ಆಮೇಲೆ ನೋಡೋದೇನು?

ಆದಷ್ಟು ಅಂಗಡಿಗೇ ಹೋಗಿ, ಕೈಯಲ್ಲಿ ಹಿಡಿದು ನೋಡಿ ತಗೊಳ್ಳಿ. ಹೊರಗೆ ಬಂದು ದೂರದ ಕಟ್ಟಡದ ಅಂಚನ್ನೋ ಮೊಬೈಲ್ ಟವರನ್ನೋ ನೋಡಿ. ಒಂದು ಟವರ್ ಎರಡಾಗಿ ಕಂಡರೆ, ಅಥವಾ ಎರಡು ನಿಮಿಷ ನೋಡಿದ ಮೇಲೆ ಕಣ್ಣು ಎಳೆದಂತಾದರೆ, ಎರಡು ನಳಿಗೆಗಳು ಒಂದೇ ನೇರಕ್ಕಿಲ್ಲ ಅಂತ ಅರ್ಥ. ವಾಪಸ್ ಕೊಟ್ಟುಬಿಡಿ, ಅದು ಮನೆಯಲ್ಲಿ ಸರಿಯಾಗುವ ಕಾಯಿಲೆಯಲ್ಲ. ಆಮೇಲೆ ಅದನ್ನು ಮುಖದಿಂದ ಒಂದು ಅಡಿ ದೂರ ಹಿಡಿದು, ಕಣ್ಣಿಡುವ ಕಡೆಯ ಗಾಜನ್ನು ನೋಡಿ. ಬೆಳಕಿನ ಪುಟ್ಟ ಬಿಲ್ಲೆ ಕಾಣುತ್ತೆ. ಅದು ದುಂಡಗಿದ್ದರೆ ಒಳ್ಳೆಯದು. ಮೂಲೆ ಕತ್ತರಿಸಿದ ಹಾಗಿದ್ದರೆ ಒಳಗಿನ ಗಾಜು ಸ್ವಲ್ಪ ಅಗ್ಗದ್ದು.

ಮನೆಗೆ ತಂದ ಮೇಲೆ ನಿಮ್ಮ ಕಣ್ಣಿಗೆ ಹೊಂದಿಸಿಕೊಳ್ಳಬೇಕು. ಇದನ್ನು ಎಷ್ಟೋ ಜನ ಮಾಡುವುದೇ ಇಲ್ಲ, "ಮಂಜು ಮಂಜಾಗಿ ಕಾಣುತ್ತೆ" ಅಂತ ಬೀರುವಿನಲ್ಲಿಡುತ್ತಾರೆ. ನಾನು ಬಟವಾಡಿಯ ನಮ್ಮ ಬಾಡಿಗೆ ಮನೆಯ ತಾರಸಿಯಿಂದ, ಹಿಂದಿನ ಬೀದಿಯ ನೀರಿನ ಟ್ಯಾಂಕಿನ ಮೇಲೆ ಬರೆದಿರುವ ಅಕ್ಷರ ನೋಡಿಕೊಂಡು ಹೊಂದಿಸಿದೆ. ಮೊದಲು ಎರಡು ನಳಿಗೆಗಳನ್ನು ಮಡಚುತ್ತಾ ಅಗಲಿಸುತ್ತಾ, ಎರಡು ವೃತ್ತ ಸೇರಿ ಒಂದಾಗುವಂತೆ ಮಾಡಿ. ಆಮೇಲೆ ಬಲಗಣ್ಣು ಮುಚ್ಚಿ, ನಡುವಿನ ಚಕ್ರ ತಿರುಗಿಸಿ, ಎಡಗಣ್ಣಿಗೆ ಅಕ್ಷರ ಚೂಪಾಗುವವರೆಗೆ. ಈಗ ಎಡಗಣ್ಣು ಮುಚ್ಚಿ. ನಡುವಿನ ಚಕ್ರ ಮುಟ್ಟಲೇಬೇಡಿ. ಬಲಗಣ್ಣಿನ ಬಳೆ ತಿರುಗುತ್ತೆ, ಅದರಲ್ಲಿ ಸಣ್ಣ ಗೀಟುಗಳಿರುತ್ತವೆ. ಅದನ್ನು ಮಾತ್ರ ತಿರುಗಿಸಿ ಬಲಗಣ್ಣಿಗೂ ಚೂಪು ಮಾಡಿ. ಗೀಟು ಎಲ್ಲಿಗೆ ಬಂತೋ ಅದು ನಿಮ್ಮ ನಂಬರ್. ನನ್ನದು ಸೊನ್ನೆಯಿಂದ ಎರಡು ಗೀಟು ಆಚೆ, ಮಗಳದ್ದು ಸೊನ್ನೆಯಲ್ಲೇ. ಅವಳು ನೋಡಿ ಕೊಟ್ಟ ಮೇಲೆ ನಾನು ಎರಡು ಗೀಟು ತಿರುಗಿಸುತ್ತೇನೆ, ಮುಗಿಯಿತು.

ಮಕ್ಕಳ ಕೈಗೆ ಕೊಡುವ ಮೊದಲು ಒಂದು ಮಾತನ್ನು ಅವರ ಬಾಯಿಂದಲೇ ಹೇಳಿಸಿ: ಇದರಲ್ಲಿ ಸೂರ್ಯನನ್ನು ನೋಡಬಾರದು. ಮುಳುಗುವ ಸೂರ್ಯನನ್ನೂ ಅಷ್ಟೇ. ಒಂದು ಕ್ಷಣ ಸಾಕು ಕಣ್ಣು ಹೋಗೋಕೆ.

ಇನ್ನು ಯಾವ ಶನಿವಾರ ಅನ್ನುವುದು. ಗೋಡೆಯ ಮೇಲಿನ ಕ್ಯಾಲೆಂಡರೇ ಇದಕ್ಕೆ ಸಾಕು. ಅಮಾವಾಸ್ಯೆಗೆ ಹತ್ತಿರದ ಶನಿವಾರ ನಕ್ಷತ್ರಗಳಿಗೆ. ಶುಕ್ಲ ಪಂಚಮಿಯಿಂದ ದಶಮಿಯವರೆಗೆ ಚಂದ್ರನಿಗೆ. ಚಂದ್ರನನ್ನು ಹುಣ್ಣಿಮೆಗೆ ನೋಡಬೇಕು ಅಂತ ನಾನೂ ಅಂದುಕೊಂಡಿದ್ದೆ. ಹುಣ್ಣಿಮೆಯಲ್ಲಿ ಅವನು ಸುಣ್ಣ ಹೊಡೆದ ಗೋಡೆ, ಏನೂ ಕಾಣಲ್ಲ. ಅಷ್ಟಮಿಯ ದಿನ ನೋಡಿ. ಬೆಳಕೂ ಕತ್ತಲೂ ಸೇರುವ ಗೆರೆಯಲ್ಲಿ ಕುಳಿಗಳ ನೆರಳು ಉದ್ದವಾಗಿ ಬಿದ್ದು ಒಂದೊಂದು ಅಂಚೂ ಎದ್ದು ಕಾಣುತ್ತೆ. ಇದಕ್ಕೆ ಊರಿಗೂ ಹೋಗಬೇಕಿಲ್ಲ, ಹೈವೇ ದೀಪಗಳ ಮಧ್ಯೆ ಬಟವಾಡಿಯ ತಾರಸಿಯೂ ನಡೆಯುತ್ತೆ.

ಈಗ ರೋಹಿಣಿ. ಇದನ್ನು ಕಂಡುಕೊಂಡಾಗ ನನಗೆ ನಗು ಬಂತು, ಯಾಕಂದರೆ ಉತ್ತರ ನಾನು ದಿನಾ ಟೈಪ್ ಮಾಡುವ ಸಾಲಿನಲ್ಲೇ ಇತ್ತು. ಪಂಚಾಂಗದಲ್ಲಿ 'ಇಂದು ರೋಹಿಣಿ ನಕ್ಷತ್ರ' ಅಂದರೆ ಬೇರೇನಲ್ಲ, ಆ ದಿನ ಚಂದ್ರ ರೋಹಿಣಿಯ ಮನೆಯಲ್ಲಿದ್ದಾನೆ ಅಂತ. ಚಂದ್ರ ದಿನಕ್ಕೆ ಹೆಚ್ಚುಕಡಿಮೆ ಒಂದು ನಕ್ಷತ್ರ ದಾಟಿ, ಸುಮಾರು 27 ದಿನಕ್ಕೆ ಒಂದು ಸುತ್ತು ಮುಗಿಸುತ್ತಾನೆ. ಅದಕ್ಕೇ 27 ನಕ್ಷತ್ರ. ಹಾಗಾಗಿ ಕ್ಯಾಲೆಂಡರಿನಲ್ಲಿ ರೋಹಿಣಿ ಇರುವ ದಿನ ಚಂದ್ರನ ಆಸುಪಾಸು ನೋಡಿ, ಕೆಂಪು ಬಣ್ಣದ ಒಂದು ದಪ್ಪ ನಕ್ಷತ್ರ ಸಿಗುತ್ತೆ. ಅದೇ ಅದು. ಗುರುತು ಇಟ್ಟುಕೊಂಡು, ಚಂದ್ರನಿಲ್ಲದ ರಾತ್ರಿ ಮತ್ತೆ ಬನ್ನಿ. ಈ ಉಪಾಯ ಕೃತ್ತಿಕೆ, ರೋಹಿಣಿ, ಮಘೆ, ಚಿತ್ತೆ ಈ ನಾಲ್ಕಕ್ಕೆ ಚೆನ್ನಾಗಿ ನಡೆಯುತ್ತೆ. ಸ್ವಾತಿಗೆ ನಡೆಯಲ್ಲ, ಅದು ಚಂದ್ರನ ದಾರಿಯಿಂದ ತುಂಬಾ ಉತ್ತರಕ್ಕಿದೆ.

ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಇನ್ನೂ ಸುಲಭದ ದಾರಿ ಇದೆ. ಸಾಲಾಗಿ ನಿಂತ ಮೂರು ನಕ್ಷತ್ರಗಳನ್ನು ಯಾರು ಬೇಕಾದರೂ ಹಿಡಿಯಬಹುದು. ಆ ಸಾಲನ್ನು ಪಶ್ಚಿಮದ ಕಡೆ ಮುಂದುವರಿಸಿದರೆ ರೋಹಿಣಿ, ಇನ್ನೂ ಮುಂದೆ ಹೋದರೆ ಕೃತ್ತಿಕೆ. ಅದೇ ಸಾಲನ್ನು ಪೂರ್ವಕ್ಕೆ ಎಳೆದರೆ ಲುಬ್ಧಕ, ರಾತ್ರಿಯ ಆಕಾಶದಲ್ಲೇ ಹೆಚ್ಚು ಹೊಳೆಯುವ ನಕ್ಷತ್ರ. ಮೂರರ ಸಾಲಿನ ಉತ್ತರಕ್ಕೆ ಕೆಂಪಗಿರುವುದು ಆರ್ದ್ರೆ. ದಕ್ಷಿಣಕ್ಕೆ ಸ್ವಲ್ಪ ಇಳಿದರೆ ಹೊಗೆ ಥರ ಒಂದು ಮಸುಕು ಇದೆ, ಬೈನಾಕ್ಯುಲರಿನಲ್ಲಿ ಮಾತ್ರ ಅದರ ಚೆಂದ. ಅಲ್ಲಿ ಹೊಸ ನಕ್ಷತ್ರಗಳು ಹುಟ್ಟುತ್ತಿವೆ. ದೂರ ಸುಮಾರು 1,300 ಜ್ಯೋತಿರ್ವರ್ಷ.

ನಿಂತು ನೋಡಬೇಡಿ, ಕತ್ತು ಹಿಡಿದುಕೊಳ್ಳುತ್ತೆ. ನಮ್ಮೂರು ಇರುವುದು ಉತ್ತರ ಅಕ್ಷಾಂಶ 13.7 ಡಿಗ್ರಿಯ ಹತ್ತಿರ. ರೋಹಿಣಿ ಹಾದುಹೋಗುವುದು 16.5ರಲ್ಲಿ. ಅಂದರೆ ಅದು ಎತ್ತರಕ್ಕೆ ಬಂದಾಗ ನೆತ್ತಿಯಿಂದ ಕೈ ನೀಡಿದರೆ ಎರಡು ಬೆರಳಿನಷ್ಟು ದೂರ, ಅಷ್ಟೇ. ತಾರಸಿ ಮೇಲೆ ಚಾಪೆ ಹಾಸಿ, ತಲೆದಿಂಬಿಟ್ಟು ಮಲಗಿ. ಎರಡು ಮೊಳಕೈಗಳನ್ನೂ ಎದೆಯ ಪಕ್ಕಕ್ಕೆ ಒತ್ತಿಕೊಂಡರೆ ನಡುಕ ಅರ್ಧ ನಿಲ್ಲುತ್ತೆ. ಜನವರಿಯಲ್ಲಾದರೆ ಕಂಬಳಿ ಬೇಕೇ ಬೇಕು. ಕಣ್ಣು ಕತ್ತಲಿಗೆ ಒಗ್ಗೋಕೆ ಇಪ್ಪತ್ತು ನಿಮಿಷದಿಂದ ಅರ್ಧ ಗಂಟೆ ಹಿಡಿಯುತ್ತೆ. ಮಧ್ಯೆ ಒಂದು ಸಲ ವಾಟ್ಸಾಪ್ ನೋಡಿದಿರೋ, ಮತ್ತೆ ಮೊದಲಿಂದ. ಟಾರ್ಚಿಗೆ ಕೆಂಪು ಜಿಲೆಟಿನ್ ಪೇಪರ್ ಎರಡು ಪದರ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ, ಕೆಂಪು ಬೆಳಕು ಕಣ್ಣನ್ನು ಅಷ್ಟಾಗಿ ಕೆಡಿಸಲ್ಲ.

ಬೈನಾಕ್ಯುಲರಿನಲ್ಲಿ ರೋಹಿಣಿಯ ಸುತ್ತ ಒಂದು ಚೂಪು ಮೂತಿಯ ಗುಂಪು ಕಾಣುತ್ತೆ. ಹಳಬರು ಅದನ್ನು ರೋಹಿಣಿಯ ಶಕಟ, ಅಂದರೆ ಬಂಡಿ, ಅಂತ ಕರೆದಿದ್ದಾರೆ. ಒಂದು ಸಲ ಬಂಡಿ ಅಂತ ಕಂಡರೆ ಆಮೇಲೆ ಬೇರೆ ಥರ ಕಾಣುವುದೇ ಇಲ್ಲ. ತಮಾಷೆ ಏನಂದರೆ ರೋಹಿಣಿ ಆ ಗುಂಪಿಗೆ ಸೇರಿದ್ದೇ ಅಲ್ಲ. ಗುಂಪು ಇರುವುದು ಸುಮಾರು 150 ಜ್ಯೋತಿರ್ವರ್ಷ ದೂರದಲ್ಲಿ, ರೋಹಿಣಿ ನಮ್ಮ ಕಡೆಗೆ, ಸುಮಾರು 65ರಲ್ಲೇ ನಿಂತಿದೆ.

ಕೃತ್ತಿಕೆಯನ್ನು ಮೊದಲು ಬರಿಗಣ್ಣಲ್ಲಿ ಎಣಿಸಿ, ಸಾಮಾನ್ಯವಾಗಿ ಆರು ಸಿಗುತ್ತೆ. ಷಣ್ಮುಖನಿಗೆ ಹಾಲು ಕೊಟ್ಟ ಆರು ತಾಯಂದಿರು ಅಂತ ಕಥೆ ಇದೆಯಲ್ಲ, ಅವರೇ. ಆಮೇಲೆ ಬೈನಾಕ್ಯುಲರ್ ಎತ್ತಿ. ನಮ್ಮಮ್ಮನಿಗೆ ಮೊದಲ ಸಲ ಕೊಟ್ಟಾಗ ಬೇಡ ಬೇಡ ಅಂತಲೇ ಚಾಪೆ ಮೇಲೆ ಮಲಗಿದಳು. ಕನ್ನಡಕ ತೆಗೆಸಿ, ಚಕ್ರದ ಮೇಲೆ ಅವಳ ಬೆರಳು ಇಡಿಸಿದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಇದೇನೋ ಮಗ, ರಾಗಿ ಚೆಲ್ದಂಗೈತೆ!" ಅಂದಳು. ಮಸುಕುಗಣ್ಣಿನ ಅವಳಿಗೆ ಕಂಡ ಮೇಲೆ ನಿಮಗೆ ಕಾಣಲ್ವಾ?

ಅಮ್ಮನಿಗೆ ನಕ್ಷತ್ರ ಅಂದರೆ ಮಳೆ. ಭರಣಿ ಮಳೆ ಸುರಿದರೆ ಧರಣಿಯೆಲ್ಲಾ ಬೆಳೆ, ಆರಿದ್ರ ಮಳೆ ಆರದೆ ಹುಯ್ಯುತ್ತೆ, ಹೀಗೆ ಬಾಯಿಪಾಠ. ಒಂದು ಸಲ ಜೂನ್ ಕೊನೆಯಲ್ಲಿ ಮೋಡ ಹರಿದ ರಾತ್ರಿ, "ಈಗ ಆರಿದ್ರ ನಡೀತೈತೆ, ತೋರ್ಸು ನೋಡೋಣ" ಅಂತ ಕೂತಳು. ತೋರಿಸೋಕೆ ಆಗಲಿಲ್ಲ. ಯಾಕಂದರೆ ದಿನದ ನಕ್ಷತ್ರಕ್ಕೆ ಚಂದ್ರನ ಲೆಕ್ಕ, ಮಳೆ ನಕ್ಷತ್ರಕ್ಕೆ ಸೂರ್ಯನ ಲೆಕ್ಕ. ಸೂರ್ಯ ಆರ್ದ್ರೆಯ ಮನೆಗೆ ಬಂದಾಗ ಆರಿದ್ರ ಮಳೆ. ಆಗ ಆ ನಕ್ಷತ್ರ ಸೂರ್ಯನ ಜೊತೆಗೇ ಹುಟ್ಟಿ ಜೊತೆಗೇ ಮುಳುಗುತ್ತೆ. ಯಾವ ಮಳೆ ನಡೆಯುತ್ತಿದೆಯೋ ಆ ನಕ್ಷತ್ರ ಆ ಹದಿನಾಲ್ಕು ದಿನ ಕಾಣಲ್ಲ. ಅದನ್ನು ನೋಡಬೇಕಾದರೆ ಆರು ತಿಂಗಳು ಕಾದು ಮಾರ್ಗಶಿರದಲ್ಲಿ ಬರಬೇಕು. ಅಮ್ಮ ಕೇಳಿ, "ಕೆಲ್ಸದ ಟೈಮಲ್ಲಿ ಯಾರೂ ಕಾಣ್ಸಲ್ಲ ಬಿಡು" ಅಂದಳು.

ಗುರು ಗ್ರಹ ಆಕಾಶದಲ್ಲಿದ್ದರೆ ಅದನ್ನೂ ನೋಡಿ. ಮಿನುಗದೆ ನಿಂತು ಹೊಳೆಯುವ ದಪ್ಪ ಚುಕ್ಕಿ ಅದು. ಆದರೆ ಇದಕ್ಕೆ ಕೈ ಸಾಲದು, ನೀರಿನ ಟ್ಯಾಂಕಿಗೋ ಗೋಡೆಗೋ ಬೈನಾಕ್ಯುಲರನ್ನು ಆನಿಸಬೇಕು. ಉಸಿರು ಬಿಗಿಹಿಡಿದರೆ ಪಕ್ಕದಲ್ಲಿ ಒಂದೇ ನೇರಕ್ಕೆ ಸೂಜಿಮೊನೆಯಂಥ ಚುಕ್ಕಿಗಳು. 1610ರ ಜನವರಿಯಲ್ಲಿ ಗೆಲಿಲಿಯೊ ಕಂಡ ನಾಲ್ಕು ಚಂದ್ರರು. ಮರುದಿನ ಅವರ ಜಾಗ ಬದಲಾಗಿರುತ್ತೆ. ಶನಿಯ ಬಳೆ ಮಾತ್ರ ಈ ಬೈನಾಕ್ಯುಲರಿಗೆ ಸಿಗಲ್ಲ, ಆಸೆ ಇಟ್ಟುಕೊಳ್ಳಬೇಡಿ.

ಶನಿವಾರ ಬೇಗ ಬಿಡುವಾದರೆ ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಮೀಸಲು ಪ್ರದೇಶಕ್ಕೆ ಹೋಗಿ ಬರುತ್ತೇವೆ. ಮಧುಗಿರಿ ತಾಲ್ಲೂಕಿನಲ್ಲೇ ಇದೆ. ಬಯಲು ಹುಲ್ಲುಗಾವಲು, ದೂರದಲ್ಲಿ ಗುಂಪು ಗುಂಪಾಗಿ ಕೃಷ್ಣಮೃಗ. ಹತ್ತಿರ ಹೋದರೆ ಓಡುತ್ತವೆ, ಹಾಗಾಗಿ ಬೈನಾಕ್ಯುಲರಿಗೆ ಹೇಳಿ ಮಾಡಿಸಿದ ಜಾಗ. ಕತ್ತಲಾಗುವ ಮೊದಲೇ ಅಲ್ಲಿಂದ ಹೊರಟುಬಿಡಿ.

ಗಾಜು ಒರೆಸುವುದರಲ್ಲಿ ನಾನೊಂದು ತಪ್ಪು ಮಾಡಿದೆ. ಮೈದನಹಳ್ಳಿಯ ಧೂಳು ಕೂತಿತ್ತು, ಅಂಗಿಯ ಅಂಚಿನಲ್ಲಿ ತಿಕ್ಕಿದೆ. ಇವತ್ತಿಗೂ ಎಡಗಡೆ ಗಾಜಿನಲ್ಲಿ ಕೂದಲಿನಷ್ಟು ಸಣ್ಣ ಗೀರು. ಮೊದಲು ಧೂಳನ್ನು ಬ್ಲೋವರ್‌ನಲ್ಲೋ ಮೆತ್ತನೆಯ ಬ್ರಷ್‌ನಲ್ಲೋ ಹಾರಿಸಬೇಕು, ಆಮೇಲೆ ಕನ್ನಡಕದ ಬಟ್ಟೆಯಲ್ಲಿ ಒರೆಸಬೇಕು. ಇಬ್ಬನಿ ಬಿದ್ದಿದ್ದರೆ ಒರೆಸಲೇಬೇಡಿ, ಮುಚ್ಚಳ ಹಾಕದೆ ಒಳಗಿಡಿ, ತಾನೇ ಆರುತ್ತೆ.

ಮಳೆಗಾಲ ಬಂತೆಂದರೆ ನಮ್ಮ ಆಟ ಬಂದ್. ಗೌರಿಬಿದನೂರಿನಲ್ಲಿ 1976ರಿಂದ ಒಂದು ರೇಡಿಯೊ ದೂರದರ್ಶಕ ಇದೆ, ಬಯಲಿನಲ್ಲಿ ಸಾಲು ಸಾಲು ಆಂಟೆನಾ. ಅದು ಆಕಾಶದ ರೇಡಿಯೊ ಅಲೆ ಹಿಡಿಯುವುದರಿಂದ ಮೋಡ ಅಡ್ಡ ಬರಲ್ಲ, ಹೊಟ್ಟೆಕಿಚ್ಚಾಗುತ್ತೆ. ನಮ್ಮದನ್ನು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ, ಹೊಸ ಶೂ ಜೊತೆ ಬರುತ್ತಲ್ಲ ಸಿಲಿಕಾ ಜೆಲ್ ಪೊಟ್ಟಣ, ಅಂಥ ನಾಲ್ಕನ್ನು ಹಾಕಿ ಇಡಬೇಕು. ಇಲ್ಲದಿದ್ದರೆ ಗಾಜಿನೊಳಗೆ ಬೂಷ್ಟು ಹಿಡಿಯುತ್ತೆ. ಹೊರಗೆ ತೆಗೆದಾಗ ಮುಂದಿನ ಗಾಜಿನಿಂದ ಟಾರ್ಚ್ ಬಿಟ್ಟು ಒಳಗೆ ಜೇಡರ ಬಲೆಯಂಥ ಎಳೆ ಇದೆಯಾ ನೋಡಿ. ಇದ್ದರೆ ನೀವೇ ಬಿಚ್ಚೋಕೆ ಹೋಗಬೇಡಿ, ಕ್ಯಾಮೆರಾ ರಿಪೇರಿಯವರಿಗೆ ಕೊಡಿ. ಇಲ್ಲದಿದ್ದರೆ ಕ್ಯಾಲೆಂಡರ್ ತಿರುವಿ, ಕಾರ್ತಿಕ ಅಮಾವಾಸ್ಯೆಯ ಪಕ್ಕದ ಶನಿವಾರಕ್ಕೆ ಗುರುತು ಹಾಕಿಕೊಳ್ಳಿ. ರಾತ್ರಿ ಒಂಬತ್ತಕ್ಕೆಲ್ಲಾ ಚೆಲ್ಲಿದ ರಾಗಿ ಪೂರ್ವದಲ್ಲಿ ಮೇಲೇರಿರುತ್ತೆ.