ಅಮೂರ್ತ ಚಿತ್ರದಲ್ಲಿ ಮೊದಲ ಬಣ್ಣವನ್ನು ಎಲ್ಲಿಡಬೇಕು?

ಸಾಗರದ ನಮ್ಮ ಮನೆಯಲ್ಲಿ ಅಡಿಕೆ ಕೊಯ್ಲಿನ ಕಾಲಕ್ಕೆ ಅಡಿಕೆ ಬೇಯಿಸಿದ ಹಂಡೆಯ ತಳದಲ್ಲಿ ಉಳಿಯುತ್ತಿದ್ದ ರಸ, ಅಂದರೆ ಚೊಗರಿನ ಕೆಂಪು ಇಂದಿಗೂ ನನ್ನ ಕಣ್ಣಲ್ಲಿದೆ. ವಸ್ತುಗಳ ರೂಪವಿಲ್ಲದೆ ಬಣ್ಣ, ಆಕಾರಗಳಲ್ಲೇ ಮೂಡುವ ಅಮೂರ್ತ ಚಿತ್ರ ಬರೆಯಲು ಕುಳಿತರೆ ಮೊದಲು ಕೈಗೆ ಬರುವ ಬಣ್ಣ ಅದೇ. ನಿಮಗೂ ಅಂಥದೊಂದು ಬಣ್ಣ ಇದ್ದೇ ಇರುತ್ತದೆ. ವರ್ಣಚಕ್ರವನ್ನು ಬಾಯಿಪಾಠ ಮಾಡುವ ಮೊದಲು ಅದನ್ನು ಹುಡುಕಿ, ಕಲಸಿ ನೋಡಿ. ಚೊಗರಿಗಾಗಿ ನಾನು ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣಕ್ಕೆ ಚೂರೇ ಚೂರು ಕ್ರಿಮ್ಸನ್ ಎಂಬ ಕಡುಗೆಂಪು ಬೆರೆಸುತ್ತೇನೆ. ನಾನು ಬಳಸುವ, ನೀರಲ್ಲಿ ಕಲಸುವ ಅಕ್ರಿಲಿಕ್ ಬಣ್ಣ ಒಣಗಿದ ಮೇಲೆ ತುಸು ಗಾಢವಾಗುತ್ತದೆ. ಹಾಗಾಗಿ ಬೇಕಾದುದಕ್ಕಿಂತ ತಿಳಿಯಾಗಿಯೇ ಕಲಸಿಕೊಳ್ಳಿ.

ಇನ್ನು ಹಿನ್ನೆಲೆ. ಕಪ್ಪು ಟ್ಯೂಬ್ ಬೇಡ. ಅದೇ ಬರ್ನ್ಟ್ ಸಿಯೆನ್ನಾಕ್ಕೆ ಅಲ್ಟ್ರಾಮರೀನ್ ನೀಲಿ ಮತ್ತು ಬಿಳಿ ಸೇರಿಸಿದರೆ ಜೀವವಿರುವ ಬೂದು ಬರುತ್ತದೆ. ಅದನ್ನು ನೀರಾಗಿಸಿ ಕ್ಯಾನ್ವಾಸಿಗೆಲ್ಲ ತೆಳ್ಳಗೆ ಬಳಿದು ಒಣಗಲು ಬಿಡಿ.

ಮುಂದಿನದೇ ಕಷ್ಟದ ಕೆಲಸ: ಚೊಗರನ್ನು ಎಲ್ಲಿಡುವುದು? ‘ಅವಕಾಶ’ ಎಂಬ ಪದಕ್ಕೆ ನಮ್ಮಲ್ಲಿ ಬಯಲು, ಜಾಗ ಎಂಬ ಅರ್ಥವೂ ಇದೆ. ಚಿತ್ರದಲ್ಲಿ ಬಿಟ್ಟ ಜಾಗ ಮಿಕ್ಕುಳಿದದ್ದಲ್ಲ, ಅದೂ ನೀವು ಬರೆದದ್ದೇ. ಅದಕ್ಕೇ ನಾನು ನೇರವಾಗಿ ಕುಂಚ ಎತ್ತುವುದಿಲ್ಲ. ಒಂದು ಕಾಗದಕ್ಕೆ ಚೊಗರು ಬಳಿದು, ಒಣಗಿದ ಮೇಲೆ ಕೈಯಿಂದಲೇ ಹರಿದು, ಮಾಸ್ಕಿಂಗ್ ಟೇಪಿನಿಂದ ಕ್ಯಾನ್ವಾಸಿಗೆ ಅಂಟಿಸುತ್ತೇನೆ. ಕೋಣೆಯ ಆಚೆ ತುದಿಗೆ ಹೋಗಿ ನೋಡುತ್ತೇನೆ. ಕಳೆದ ಮಳೆಗಾಲದಲ್ಲಿ ಎರಡಡಿ ಅಗಲ, ಮೂರಡಿ ಎತ್ತರದ ಕ್ಯಾನ್ವಾಸಿನಲ್ಲಿ ಅಂಗೈಯಷ್ಟು ತುಂಡನ್ನು ಎಡಗಡೆ ಕೆಳಗೆ ಇಟ್ಟಿದ್ದೆ. ಚಿತ್ರವೆಲ್ಲ ಆ ಮೂಲೆಗೆ ಜಗ್ಗಿದಂತಿತ್ತು. ನಾಲ್ಕು ಬೆರಳು ಮೇಲಕ್ಕೆ ಸರಿಸಿದೆ, ಅಷ್ಟೇ. ಕೆಳಗಿನ ಬೂದು ಒಮ್ಮೆಲೇ ಆಳವಾಗಿ ಕೆರೆಯಂತೆ ನಿಂತಿತು. ಆ ನಾಲ್ಕು ಬೆರಳಿಗೆ ಎರಡು ದಿನ ಹಿಡಿಯಿತು. ಬಣ್ಣ ಹಚ್ಚಲು ಹತ್ತು ನಿಮಿಷ ಸಾಕಾಯಿತು. ಒಳಗಣ್ಣು ಎಂದು ನಾವು ಹೇಳುವುದು ಈ ಎರಡು ದಿನದ ನೋಟವನ್ನೇ ಎಂದು ನಾನು ನಂಬಿದ್ದೇನೆ.

ಭಾರತದ ಹೆಸರಾಂತ ಅಮೂರ್ತ ಚಿತ್ರಕಾರ ವಿ. ಎಸ್. ಗಾಯತೊಂಡೆ (1924–2001) ವರ್ಷಕ್ಕೆ ಕೆಲವೇ ಕ್ಯಾನ್ವಾಸ್ ಮುಗಿಸುತ್ತಿದ್ದರು. ರೋಲರಿನಿಂದ ಪದರದ ಮೇಲೆ ಪದರ ಬಣ್ಣ ಹಾಕಿ, ಪ್ಯಾಲೆಟ್ ನೈಫ್ ಎಂಬ ಬಣ್ಣದ ಚಾಕುವಿನಿಂದ ಕೆರೆದು ತೆಗೆಯುತ್ತಿದ್ದರು. ಹಾಕುವುದರಷ್ಟೇ ತೆಗೆಯುವುದೂ ಚಿತ್ರ ಬರೆಯುವುದೇ ಎಂದು ನಾನು ಕಲಿತದ್ದು ಅವರ ಚಿತ್ರಗಳಿಂದ.

ಒಂದು ಎಚ್ಚರಿಕೆ: ಚೊಗರಿನ ಪಕ್ಕದಲ್ಲಿ ಬೂದು ತಾನಾಗಿಯೇ ಹಸಿರು ಬೆರೆತ ನೀಲಿಯ ಕಡೆಗೆ ವಾಲಿದಂತೆ ಕಾಣುತ್ತದೆ. ಕೆಂಪಿನ ನೆರೆಯಲ್ಲಿ ಕಣ್ಣು ಮಾಡುವ ಕೆಲಸವದು. ಇದು ತಿಳಿಯದೆ ನಾನು ಮೇಲಿಂದ ನೀಲಿ ಬಳಿದು ಒಂದು ಒಳ್ಳೆಯ ಕ್ಯಾನ್ವಾಸನ್ನೇ ಕೆಡಿಸಿಕೊಂಡೆ. ಎರಡು ಬಣ್ಣಗಳನ್ನೂ ಒಟ್ಟಿಗೆ ನೋಡಿದ ಮೇಲೆಯೇ ತಿದ್ದಿ.

ಮುಗಿಯಿತು ಎನಿಸಿದಾಗ ಚಿತ್ರವನ್ನು ತಲೆಕೆಳಗು ಮಾಡಿ ನಿಲ್ಲಿಸಿ. ಒಂದೊಂದೇ ಬಣ್ಣದ ತುಂಡನ್ನು ಅಂಗೈಯಿಂದ ಮರೆಮಾಡಿ ನೋಡಿ. ಯಾವುದು ಮರೆಯಾದರೂ ಚಿತ್ರಕ್ಕೆ ಕೊರತೆ ಕಾಣುವುದಿಲ್ಲವೋ ಅದನ್ನು ತೆಗೆದುಬಿಡಿ. ಹಸಿಯಿದ್ದರೆ ಒದ್ದೆ ಬಟ್ಟೆಯಿಂದ ಒರೆಸಬಹುದು. ಒಣಗಿದ್ದರೆ ಅಂಚನ್ನು ನಯವಾದ ಉಪ್ಪು ಕಾಗದದಿಂದ ಹಗುರವಾಗಿ ಉಜ್ಜಿ, ಅದೇ ಬೂದನ್ನು ತೆಳ್ಳಗೆ ಎರಡು ಸಲ ಬಳಿಯಿರಿ. ಬೂದನ್ನು ಮೊದಲ ದಿನವೇ ಒಂದಿಷ್ಟು ಹೆಚ್ಚು ಕಲಸಿ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಎತ್ತಿಟ್ಟುಕೊಂಡಿರಬೇಕು. ಅದೇ ಛಾಯೆ ಮತ್ತೆ ಕಲಸಲು ಸಿಗುವುದಿಲ್ಲ.