ಮನೆಯಲ್ಲೇ ಅಡುಗೆಯ ಬಣ್ಣ: ತಯಾರಿಸುವ ಕ್ರಮ ಮತ್ತು ಕ್ಯಾನ್ಸರ್ ಕುರಿತ ನಿರೀಕ್ಷೆ

2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರವು ಗೋಬಿ ಮಂಚೂರಿ ಮತ್ತು ಕಾಟನ್ ಕ್ಯಾಂಡಿಗೆ ರೋಡಮೈನ್-ಬಿ ಎಂಬ ಬಣ್ಣ ಬೆರೆಸುವುದನ್ನು ನಿಷೇಧಿಸಿತು. ಬಟ್ಟೆ, ಕಾಗದಗಳಿಗೆ ಹಾಕುವ ಆ ರಾಸಾಯನಿಕ ಹೊಟ್ಟೆಗೆ ಹೋಗಬಾರದು. ಹಾಸನ, ಚಿಕ್ಕಮಗಳೂರಿನ ಅಡುಗೆಮನೆಗಳಲ್ಲಿ ಕೆಂಪು, ಕೇಸರಿ ಬಣ್ಣ ಬೇಕಾದರೆ ಸಂತೆಯ ಬೀಟ್‌ರೂಟ್, ಹಿತ್ತಲಿನ ಬಸಳೆ ಮತ್ತು ಅರಿಸಿನ ಸಾಕು.

ಬೀಟ್‌ರೂಟನ್ನು ಸಿಪ್ಪೆ ತೆಗೆದು ತುರಿದು, ತೆಳುವಾದ ಬಿಳಿ ಬಟ್ಟೆಯಲ್ಲಿ ಹಿಂಡಿ, ರಸಕ್ಕೆ ನಾಲ್ಕು ಹನಿ ನಿಂಬೆರಸ ಸೇರಿಸಿ. ಇದರ ಬೆಟಾನಿನ್ ಎಂಬ ವರ್ಣದ್ರವ್ಯವು ಹುಳಿಯಲ್ಲಿ ಸ್ಥಿರವಾಗಿರುತ್ತದೆ, ಹೆಚ್ಚು ಕಾಯಿಸಿದರೆ ಕಂದಾಗುತ್ತದೆ. ಆದ್ದರಿಂದ ಪಾತ್ರೆಯನ್ನು ಒಲೆಯಿಂದ ಇಳಿಸಿದ ಮೇಲೆಯೇ ರಸ ಬೆರೆಸಬೇಕು. ಕಪ್ಪಾಗಿ ಮಾಗಿದ ಬಸಳೆ ಹಣ್ಣನ್ನು ಹಿಸುಕಿ ಬೀಜ ಸೋಸಿದರೂ ಇದೇ ಬಗೆಯ ಗಾಢ ನೇರಳೆಗೆಂಪು ರಸ ಸಿಗುತ್ತದೆ. ಅರಿಸಿನದ ಕರ್ಕ್ಯುಮಿನ್ ಎಂಬ ಹಳದಿ ವರ್ಣದ್ರವ್ಯ ನೀರಿನಲ್ಲಿ ಕರಗುವುದಿಲ್ಲ. ಕೇಸರಿಬಾತಿಗಾದರೆ ಚಿಟಿಕೆ ಅರಿಸಿನವನ್ನು ಬಿಸಿ ತುಪ್ಪದಲ್ಲಿ ಸಣ್ಣ ಉರಿಯಲ್ಲಿ ಬಿಟ್ಟು, ಹಳದಿ ತುಪ್ಪಕ್ಕೆ ಇಳಿದ ಬಳಿಕ ರವೆ ಹುರಿಯಿರಿ. ಕೊನೆಗೆ ಬೀಟ್‌ರೂಟ್ ರಸದ ಒಂದೆರಡು ಹನಿ ಹಾಕಿದರೆ ಕೇಸರಿ ಬಣ್ಣ ಬರುತ್ತದೆ.

ಇನ್ನು ಈ ಬಣ್ಣಗಳು ಕ್ಯಾನ್ಸರನ್ನು ತಡೆಯುತ್ತವೆ ಎಂಬ ಮಾತನ್ನು ಅಳೆದು ನೋಡಿ ನಂಬಬೇಕು. ಪ್ರಯೋಗಾಲಯದಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳ ಬೆಳವಣಿಗೆಯನ್ನು ಕರ್ಕ್ಯುಮಿನ್ ಮತ್ತು ಬೆಟಾನಿನ್ ಕುಗ್ಗಿಸಿದ್ದು ನಿಜ, ಆದರೆ ಗಾಜಿನ ತಟ್ಟೆಯಲ್ಲಿ ಕೋಶಕ್ಕೆ ನೇರವಾಗಿ ತಗಲುವ ಪ್ರಮಾಣವು ಊಟದ ಮೂಲಕ ರಕ್ತವನ್ನು ಸೇರುವುದಿಲ್ಲ. ಕರ್ಕ್ಯುಮಿನ್ ಕರುಳಿನಲ್ಲಿ ಅಲ್ಪವಾಗಿ ಹೀರಲ್ಪಡುತ್ತದೆ, ಹೀರಿದ್ದನ್ನೂ ಯಕೃತ್ತು ಬೇಗನೆ ಮಾರ್ಪಡಿಸುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 2 ಗ್ರಾಂ ಕರ್ಕ್ಯುಮಿನ್ ಜೊತೆ ಕಾಳುಮೆಣಸಿನ ಖಾರದ ಅಂಶವಾದ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ಕರ್ಕ್ಯುಮಿನ್ ರಕ್ತಕ್ಕೆ ಸೇರುವ ಪ್ರಮಾಣ ಹಲವು ಪಟ್ಟು ಹೆಚ್ಚಿತು. ನಮ್ಮ ಮಲೆನಾಡಿನ ಮೆಣಸಿಗೆ ಇದು ಹೆಮ್ಮೆಯ ವಿಷಯವೇ. ಆದರೂ ಅರಿಸಿನ ಪುಡಿಯಲ್ಲಿ ಕರ್ಕ್ಯುಮಿನ್ ಸುಮಾರು ಶೇ. 3ರಷ್ಟು ಮಾತ್ರ ಇರುವುದರಿಂದ, 2 ಗ್ರಾಂಗೆ 60 ಗ್ರಾಂಗೂ ಮೀರಿದ ಪುಡಿ ಬೇಕು. ಅಷ್ಟನ್ನು ಯಾವ ಸಾರಿಗೂ ಹಾಕಲಾಗದು. ಅಪಾಯಕಾರಿ ಬಣ್ಣ ತಟ್ಟೆಯಿಂದ ದೂರವಾಗುವುದೇ ಈ ಕೆಲಸದ ಖಚಿತ ಲಾಭವೆಂದು ನನ್ನ ಭಾವನೆ.

ಮನೆಯಲ್ಲಿ ಯಾರಿಗಾದರೂ ಕಿಮೊಥೆರಪಿ ನಡೆಯುತ್ತಿದ್ದರೆ, ಅಡುಗೆಯ ಅರಿಸಿನಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಆದರೆ ಕರ್ಕ್ಯುಮಿನ್‌ನ ಸಾಂದ್ರೀಕೃತ ಕ್ಯಾಪ್ಸೂಲುಗಳು ಕೆಲವು ಕ್ಯಾನ್ಸರ್ ಔಷಧಿಗಳ ಮೇಲೂ ರಕ್ತ ತೆಳುವಾಗಿಸುವ ಮಾತ್ರೆಗಳ ಮೇಲೂ ಪರಿಣಾಮ ಬೀರಬಹುದಾದ್ದರಿಂದ, ಆ ಡಬ್ಬಿಯನ್ನು ಮೊದಲು ಚಿಕಿತ್ಸೆ ನೀಡುತ್ತಿರುವ ವೈದ್ಯರಿಗೆ ತೋರಿಸಿ.