ಅಜ್ಜಿಯ ಗಾಲಿಕುರ್ಚಿಯೂ ಹತ್ತಲಿ: ಮೊದಲ ಕ್ರೂಸ್‌ಗೆ ತಯಾರಿ ಹೀಗಿರಲಿ

ಕ್ರೂಸ್‌ಗೆ, ಅಂದರೆ ಹಡಗಿನ ವಿಹಾರಕ್ಕೆ ಹೊರಡುವ ಹೆಚ್ಚಿನವರು ಮೊದಲು ಹಡಗನ್ನು ಆರಿಸುತ್ತಾರೆ, ಆಮೇಲೆ ಬಂದರುಗಳನ್ನು ನೋಡುತ್ತಾರೆ, ಕ್ಯಾಬಿನ್ ಸಿಕ್ಕಿದ್ದನ್ನು ಒಪ್ಪಿಕೊಳ್ಳುತ್ತಾರೆ. ಗಾಲಿಕುರ್ಚಿಯಲ್ಲಿ ಓಡಾಡುವ ಅಜ್ಜಿ ಜೊತೆಗಿದ್ದರೆ ಕ್ಯಾಬಿನ್‌ನಿಂದಲೇ ಶುರು ಮಾಡಬೇಕು. ನೀರಿನ ಜಾರುಬಂಡಿಯ ಚಿತ್ರ ನೋಡಿ ಹಣ ಕಟ್ಟಿ, ಬಂದರು ಬಂದಾಗಲೆಲ್ಲ ಅಜ್ಜಿಯನ್ನು ಹಡಗಿನಲ್ಲೇ ಬಿಟ್ಟು ಇಳಿಯುವ ಕುಟುಂಬಗಳನ್ನು ನೋಡಿ ನೋಡಿಯೇ ಇದನ್ನು ಬರೆಯುತ್ತಿದ್ದೇನೆ.

1. ಕುರ್ಚಿಯನ್ನು ಅಳೆಯಿರಿ

ಕುರ್ಚಿಯ ಚೀಟಿಯಲ್ಲಿ 18 ಅಂಗುಲ ಎಂದು ಬರೆದಿದ್ದರೆ ಅದು ಕೂರುವ ಜಾಗದ ಅಗಲ ಮಾತ್ರ. ಕೈಯಿಂದ ತಳ್ಳಿಕೊಳ್ಳುವ ಹೊರಬಳೆಗಳ ತುದಿಯಿಂದ ತುದಿಗೆ ಟೇಪ್ ಹಿಡಿದರೆ ಅದೇ ಕುರ್ಚಿ ಸುಮಾರು 25 ಅಂಗುಲ ಬರುತ್ತದೆ. ಅನೇಕ ಹಡಗುಗಳಲ್ಲಿ ಸಾಮಾನ್ಯ ಕ್ಯಾಬಿನ್‌ನ ಬಾಗಿಲು 22–23 ಅಂಗುಲ ಅಷ್ಟೇ. ಕುರ್ಚಿ ಬಾಗಿಲಲ್ಲೇ ನಿಲ್ಲುತ್ತದೆ. ಅದನ್ನು ಮಡಚಿ ಒಳಗೆ ಒಯ್ಯಬಹುದು ಎಂದು ಏಜೆಂಟ್ ಹೇಳಿದರೆ, ಅಷ್ಟು ಹೊತ್ತು ಅಜ್ಜಿ ಎಲ್ಲಿ ನಿಲ್ಲಬೇಕು ಎಂದು ಕೇಳಿ.

2. ಕ್ಯಾಬಿನ್: ಎಲ್ಲರೂ ಎಡವುವುದು ಇಲ್ಲಿ

ಗಾಲಿಕುರ್ಚಿಗೆಂದೇ ಮಾಡಿದ ಕ್ಯಾಬಿನ್‌ಗಳು ಪ್ರತಿ ಹಡಗಿನಲ್ಲೂ ಕೆಲವೇ ಇರುತ್ತವೆ, ಎಲ್ಲಕ್ಕಿಂತ ಮೊದಲು ತುಂಬುತ್ತವೆ. ಒಂದು ವರ್ಷ ಮುಂಚೆ ಕೇಳಿದರೂ ಅವಸರವಲ್ಲ. ಇವುಗಳಲ್ಲೂ ಎರಡು ಬಗೆ. ನಾಲ್ಕು ಹೆಜ್ಜೆ ನಡೆಯಬಲ್ಲವರಿಗಾಗಿ ಕೆಲವು ಹಿಡಿಕೆಗಳನ್ನು ಹಾಕಿದ ಕ್ಯಾಬಿನ್ ಒಂದು. ಕುರ್ಚಿಯಿಂದ ಏಳಲಾಗದವರಿಗಾಗಿ ಪೂರ್ತಿ ಅಳವಡಿಸಿದ್ದು ಇನ್ನೊಂದು. ಪಟ್ಟಿಯಲ್ಲಿ ಎರಡಕ್ಕೂ ಒಂದೇ ಗಾಲಿಕುರ್ಚಿಯ ಗುರುತು ಇರಬಹುದು. ಆದ್ದರಿಂದ ಫೋನಿನಲ್ಲಿ ಕೇಳಿ ಸುಮ್ಮನಾಗಬೇಡಿ, ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ. ಬಾಗಿಲ ಅಗಲ ಎಷ್ಟು? ಬಚ್ಚಲಿಗೆ ಹೊಸ್ತಿಲು ಇದೆಯೇ? ಕುರ್ಚಿಯನ್ನು ಶವರ್‌ನ ಕೆಳಗಿನವರೆಗೂ ಉರುಳಿಸಬಹುದೇ? ಅಲ್ಲಿ ಕೂತು ಸ್ನಾನ ಮಾಡಲು ಮಡಚುವ ಆಸನವಿದೆಯೇ? ಕಮೋಡ್‌ನ ಯಾವ ಪಕ್ಕದಲ್ಲಿ ಜಾಗ ಖಾಲಿ ಇದೆ? ಈ ಕೊನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಒಂದೇ ಪಕ್ಕಕ್ಕೆ ಸರಿದು ಕೂರಬಲ್ಲ ಅಜ್ಜಿಗೆ ಜಾಗ ತಪ್ಪು ಪಕ್ಕದಲ್ಲಿದ್ದರೆ ಇಡೀ ಬಚ್ಚಲು ವ್ಯರ್ಥ. ಮಂಚದ ಪಕ್ಕದಲ್ಲಿ ಕುರ್ಚಿ ತಿರುಗಲು ಸುಮಾರು ಐದು ಅಡಿ ಜಾಗ ಬೇಕು. ಮಕ್ಕಳಿಗೆಂದು ಸೋಫಾವನ್ನು ಹಾಸಿಗೆ ಮಾಡಿದ ಮೇಲೂ ಅದು ಉಳಿಯುತ್ತದೆಯೇ ನೋಡಿ.

ಮಕ್ಕಳನ್ನು ಅಜ್ಜಿಯ ಕೋಣೆಗೆ ತುಂಬಲೇಬೇಡಿ. ನಡುವೆ ಬಾಗಿಲಿರುವ ಜೋಡಿ ಕ್ಯಾಬಿನ್ ಸಿಕ್ಕರೆ ಒಳ್ಳೆಯದು, ಇಲ್ಲವೇ ಎದುರಿನದು. ಹಡಗಿನ ಮಧ್ಯಭಾಗದ ಕೆಳ ಅಂತಸ್ತುಗಳಲ್ಲಿ ತೂಗಾಟ ಕಡಿಮೆ.

3. ಬಂದರುಗಳು

ಹಡಗು ಎಲ್ಲ ಕಡೆಯೂ ದಡದ ಕಟ್ಟೆಗೆ ತಾಗಿ ನಿಲ್ಲುವುದಿಲ್ಲ. ಗ್ರೀಸ್‌ನ ಸ್ಯಾಂಟೊರಿನಿ, ಕೆರಿಬಿಯನ್‌ನ ಗ್ರ್ಯಾಂಡ್ ಕೇಮನ್‌ನಂಥ ಕಡೆ ಸಮುದ್ರದಲ್ಲೇ ಲಂಗರು ಹಾಕಿ, ಟೆಂಡರ್ ಎಂಬ ಸಣ್ಣ ದೋಣಿಗಳಲ್ಲಿ ಜನರನ್ನು ದಡಕ್ಕೆ ಸಾಗಿಸುತ್ತಾರೆ. ಹಡಗೂ ದೋಣಿಯೂ ಬೇರೆ ಬೇರೆ ಲಯದಲ್ಲಿ ಏರಿಳಿಯುತ್ತಿರುತ್ತವೆ. ನಡುವಿನ ಸಂದನ್ನು ದಾಟುವುದು ನಡೆಯಬಲ್ಲವರಿಗೇ ಕಷ್ಟ. ಬ್ಯಾಟರಿ ಕುರ್ಚಿಯನ್ನು ಸಾಮಾನ್ಯವಾಗಿ ದೋಣಿಗೆ ಹತ್ತಿಸುವುದಿಲ್ಲ, ಅಲೆ ಜೋರಾಗಿದ್ದರೆ ಕೈಯಿಂದ ತಳ್ಳುವ ಕುರ್ಚಿಯನ್ನೂ ತಡೆಯುತ್ತಾರೆ. ಹಾಗಾಗಿ ಪ್ರತಿ ಬಂದರಿನ ಮುಂದೆಯೂ ‘ಕಟ್ಟೆಯೇ, ಟೆಂಡರೇ’ ಎಂದು ಬರೆದುಕೊಳ್ಳಿ. ಟೆಂಡರ್ ಒಂದಕ್ಕಿಂತ ಹೆಚ್ಚಿದ್ದರೆ ನಾನಾದರೆ ಆ ಮಾರ್ಗವನ್ನೇ ಬಿಡುತ್ತೇನೆ, ಊರು ಎಷ್ಟೇ ಚೆಂದವಿರಲಿ.

ಕಟ್ಟೆಯಿದ್ದರೂ ಉಬ್ಬರವಿಳಿತಕ್ಕೆ ತಕ್ಕಂತೆ, ಹಡಗಿನಿಂದ ಕಟ್ಟೆಗೆ ಹಾಕುವ ಇಳಿಸೇತುವೆಯ ಇಳಿಜಾರು ಬದಲಾಗುತ್ತದೆ. ಕಡಿದಾಗಿದ್ದರೆ ಕುರ್ಚಿಯನ್ನು ಹಿಮ್ಮುಖವಾಗಿ ಇಳಿಸಿ: ತಳ್ಳುವವರು ಕೆಳಗಡೆ, ಅಜ್ಜಿಯ ಮುಖ ಹಡಗಿನ ಕಡೆಗೆ. ಪ್ರವಾಸದ ಬಸ್ಸಿಗೆ ಕುರ್ಚಿ ಎತ್ತುವ ಲಿಫ್ಟ್ ಇದೆಯೇ ಎಂದು ಕಾಯ್ದಿರಿಸುವಾಗಲೇ ಕೇಳಿ.

ಪ್ರಯಾಣಕ್ಕೆಂದು ಮಾರುವ, ನಾಲ್ಕೂ ಚಕ್ರ ಪುಟ್ಟದಾಗಿರುವ ಹಗುರ ಕುರ್ಚಿಯನ್ನು ಕೊಳ್ಳಬೇಡಿ. ಕಲ್ಲು ಹಾಸಿದ ಬೀದಿಯಲ್ಲಿ ಅದರ ಚಕ್ರ ಸಂದಿಗೆ ಸಿಕ್ಕಿ ಅಜ್ಜಿ ಮುಗ್ಗರಿಸುತ್ತಾರೆ. ಹಿಂದಿನ ಚಕ್ರ ದೊಡ್ಡದಿರುವುದೇ ಬೇಕು.

4. ವಿಶೇಷ ಅಗತ್ಯಗಳ ಅರ್ಜಿ

ಟಿಕೆಟ್ ಆದ ಕೂಡಲೇ ಇದನ್ನು ತುಂಬಿ ಹಡಗಿನ ಕಂಪನಿಗೆ ಕಳಿಸಿ. ಕುರ್ಚಿಯ ಅಗಲ, ತೂಕ, ಬ್ಯಾಟರಿಯ ಬಗೆ, ಔಷಧಿಗೆ ಫ್ರಿಜ್, ಈಜುಕೊಳಕ್ಕೆ ಇಳಿಸುವ ಲಿಫ್ಟ್ ಎಲ್ಲವೂ ಇರಲಿ. ಬ್ಯಾಟರಿ ಕುರ್ಚಿಯನ್ನು ಓಣಿಯಲ್ಲಿ ನಿಲ್ಲಿಸಲು ಬಿಡುವುದಿಲ್ಲ, ಅದು ಕ್ಯಾಬಿನ್‌ನೊಳಗೇ ಇರಬೇಕು.

5. ಮಕ್ಕಳು

ಇದು ಸುಲಭ. ಹೆಚ್ಚಿನ ಕಂಪನಿಗಳು ಆರು ತಿಂಗಳಾಗದ ಕೂಸನ್ನು ಹತ್ತಿಸುವುದಿಲ್ಲ. ಮಕ್ಕಳ ಕ್ಲಬ್‌ಗೆ ಸಾಮಾನ್ಯವಾಗಿ ಮೂರು ವರ್ಷ ತುಂಬಿ ಡಯಾಪರ್ ಬಿಟ್ಟಿರಬೇಕು. ದೊಡ್ಡ ಈಜುಕೊಳಕ್ಕೂ ಡಯಾಪರ್ ಹಾಕಿದ ಮಕ್ಕಳನ್ನು ಇಳಿಸಲು ಬಿಡದ ಹಡಗುಗಳೇ ಹೆಚ್ಚು.

6. ಸಾಮಾನು

ದೊಡ್ಡ ಪೆಟ್ಟಿಗೆಗಳು ಕ್ಯಾಬಿನ್‌ಗೆ ಬರುವಾಗ ಸಂಜೆಯಾಗಬಹುದು. ಅಜ್ಜಿಯ ಔಷಧಿ, ಮಕ್ಕಳ ಈಜುಡುಗೆ ಕೈಚೀಲದಲ್ಲಿರಲಿ. ‘ಕ್ರೂಸ್‌ಗೆ ಅತ್ಯಗತ್ಯ’ ಎಂದು ಮಾರುವ ಸರ್ಜ್ ಪ್ರೊಟೆಕ್ಟರ್ (ವಿದ್ಯುತ್ ಏರಿಳಿತ ತಡೆಯುವ ಸಾಧನ) ಇರುವ ಎಕ್ಸ್‌ಟೆನ್ಷನ್ ಬೋರ್ಡುಗಳಿಗೆ ದುಡ್ಡು ಸುರಿಯಬೇಡಿ, ಹತ್ತುವಾಗಲೇ ಕಿತ್ತಿಟ್ಟುಕೊಳ್ಳುತ್ತಾರೆ. ಅಯಸ್ಕಾಂತದ ಕೊಕ್ಕೆಗಳನ್ನು ಮಾತ್ರ ಒಯ್ಯಿರಿ. ಕ್ಯಾಬಿನ್‌ನ ಗೋಡೆ ಸಾಮಾನ್ಯವಾಗಿ ಲೋಹದ್ದು; ಕೂತಲ್ಲಿಂದ ಅಜ್ಜಿಗೆ ಎಟುಕುವ ಎತ್ತರದಲ್ಲಿ ಶಾಲು, ಟವೆಲ್ ನೇತುಹಾಕಬಹುದು. ವಿಮೆಯಲ್ಲಿ ಹಡಗಿನಿಂದ ಆಸ್ಪತ್ರೆಗೆ ತುರ್ತಾಗಿ ಸಾಗಿಸುವ ವೆಚ್ಚ ಸೇರಿರಲೇಬೇಕು.

7. ಹತ್ತಿದ ದಿನ

ಸುರಕ್ಷತಾ ಕವಾಯತು ಕಡ್ಡಾಯ. ತುರ್ತು ಸಮಯದಲ್ಲಿ ಲಿಫ್ಟ್ ಬಳಸುವಂತಿಲ್ಲ. ಆದ್ದರಿಂದ ನಿಮ್ಮ ಗುಂಪು ಸೇರುವ ಜಾಗದ ಸಿಬ್ಬಂದಿಯ ಬಳಿ ಹೋಗಿ, ಅಜ್ಜಿಯನ್ನು ಮೆಟ್ಟಿಲಲ್ಲಿ ಇಳಿಸಲು ಯಾರು ಬರುತ್ತಾರೆ, ಎಲ್ಲಿಗೆ ಬರುತ್ತಾರೆ ಎಂದು ಬಾಯಿಬಿಟ್ಟು ಕೇಳಿ. ಆಗ ಮಕ್ಕಳ ಕೈ ಹಿಡಿಯುವವರು ಯಾರು, ಅಜ್ಜಿಯ ಜೊತೆ ಉಳಿಯುವವರು ಯಾರು ಎಂಬುದನ್ನು ಹಡಗು ದಡ ಬಿಡುವ ಮೊದಲೇ ನಿಮ್ಮೊಳಗೆ ಹಂಚಿಕೊಳ್ಳಿ.